ಮೂಲೆ ಹರಿದ ಕಾಗದ

ಬಳ್ಳಾರಿಗೆ ರೈಲು ಬಂದು ಇಪ್ಪತ್ತು ವರ್ಷವಾಗಿತ್ತು. ಆದರೂ ಸಿರುಗುಪ್ಪದವರಿಗೆ ಬಂಡಿಯೇ ಗತಿ. ತೆಕ್ಕಲಕೋಟೆಯಲ್ಲಿ ಒಂದು ವಸ್ತಿ ಮಾಡಿ, ಎರಡನೆಯ ದಿನ ಬಳ್ಳಾರಿ ಮುಟ್ಟುತ್ತಿದ್ದರು. ಗುರುರಾಜಾಚಾರರ ಒಬ್ಬನೇ ಮಗ ಮಧುಸೂದನ ಹಾಗೆ ಬಂಡಿಯಲ್ಲಿ ಕೂತು ಬಳ್ಳಾರಿಯ ಪಾಠಶಾಲೆಗೆ ಹೋದಾಗ ಅವನಿಗೆ ಹನ್ನೆರಡು ವರ್ಷ. ಈಗ ಇಪ್ಪತ್ತೆರಡು. ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು, ಗುರುಗಳಾದ ವೆಂಕಣ್ಣಾಚಾರರ ಪಡಸಾಲೆಯಲ್ಲಿ ಮಲಗಿ, ಹತ್ತು ವರ್ಷ ಶಾಸ್ತ್ರ ಓದಿದ್ದ. ಉಳಿದದ್ದು ಮಂಗಳ ಒಂದೇ. ಮಂಗಳವೆಂದರೆ ಓದಿದ್ದನ್ನೆಲ್ಲ ಮಠದ ಸ್ವಾಮಿಗಳ ಎದುರಿಗೆ ಮೂರು ದಿನ ಕೂತು ಒಪ್ಪಿಸಿ, ಕೇಳಿದ್ದಕ್ಕೆ ಉತ್ತರ ಹೇಳಿ ಮುಗಿಸುವುದು. ಅದಾದರೆ ಪಂಡಿತ. ಆಗದಿದ್ದರೆ ಹತ್ತು ವರ್ಷ ಊರೂಟ ಉಂಡವನು, ಅಷ್ಟೇ.

ಸ್ವಾಮಿಗಳು ಬಳ್ಳಾರಿಗೆ ಬರುವುದು ಆರೇಳು ವರ್ಷಕ್ಕೊಮ್ಮೆ. ಆ ಸಲ ಮಾಘ ಬಹುಳ ನವಮಿಯಿಂದ ಮೂರು ದಿನ ಮಂಗಳಕ್ಕೆ ಗೊತ್ತಾಗಿತ್ತು. ವೆಂಕಣ್ಣಾಚಾರರಿಗೆ ಆಗಲೇ ಎಪ್ಪತ್ತಾರು. ಮುಂದಿನ ಸಲದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಇತ್ತ ಸಿರುಗುಪ್ಪದಲ್ಲಿ ಗುರುರಾಜಾಚಾರರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗುಡಿಯಲ್ಲಿ ಪುರಾಣವನ್ನು ಬಾಯಿಪಾಠದ ಮೇಲೆ ಹೇಳುತ್ತಿದ್ದರು. ಪುಸ್ತಕ ಎದುರಿಗಿರುತ್ತಿತ್ತು, ಹಾಳೆಯನ್ನೂ ತಿರುವುತ್ತಿದ್ದರು. ಮರೆತಲ್ಲಿ ಒಂದಿಷ್ಟು ಕೆಮ್ಮಿ, ಅಷ್ಟರಲ್ಲಿ ನೆನಪು ಮಾಡಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಕೇಳುವವರಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಕೂಡುತ್ತಿದ್ದರು.

ಸಂಕ್ರಾಂತಿಗೆ ಮಧುಸೂದನ ಊರಿಗೆ ಬಂದ. ಅವನ ಹೆಂಡತಿ ಸರಸ್ವತಿ ಚೊಚ್ಚಲ ಬಸುರಿ. ಅವಳನ್ನು ತವರಿಗೆ ಕರೆದೊಯ್ಯಲು ಕುರುಗೋಡಿನಿಂದ ಅವಳ ತಂದೆ ರಾಘವೇಂದ್ರಾಚಾರರೂ ಬಂದಿದ್ದರು. ಗಂಡಸರು ಮೂವರೂ ಎಲೆಯ ಮುಂದೆ ಕೂತಿದ್ದರು. ಮಧುಸೂದನನ ತಾಯಿ ಪದ್ಮಾಬಾಯಿ ಬದನೆಕಾಯಿ ಹುಳಿ ಬಡಿಸುತ್ತಿದ್ದಳು. ಗುರುರಾಜಾಚಾರರ ವಿಧವೆ ಅಕ್ಕ ಗಂಗಾಬಾಯಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು.

"ಹೆರಿಗಿ ದಿನಾ ಯಾವಾಗ ಅಂತಾರ ಬೀಗರ?" ಪದ್ಮಾಬಾಯಿ ಕೇಳಿದಳು.

"ಮಾಘದ ಹುಣ್ಣಿಮಿ ಸುಮಾರಿಗೆ," ಎಂದರು ರಾಘವೇಂದ್ರಾಚಾರರು.

ಮಧುಸೂದನನ ಕೈ ಅನ್ನದಲ್ಲೇ ನಿಂತಿತು. "ಹುಣ್ಣಿಮಿಗೆ ಆದ್ರ ಹತ್ತು ದಿನ ಮೈಲಿಗಿ. ನವಮಿಗೆ ನಾ ಮಠದ ಹೊಸ್ತಲಾ ದಾಟೋಹಾಂಗಿಲ್ಲ."

ಮಗು ಹುಟ್ಟಿದರೂ ಹತ್ತು ದಿನ, ಮನೆಯವರು ಸತ್ತರೂ ಹತ್ತು ದಿನ. ಆ ದಿನಗಳಲ್ಲಿ ಶಾಸ್ತ್ರದ ಪುಸ್ತಕ ಮುಟ್ಟುವಂತಿಲ್ಲ, ಸ್ವಾಮಿಗಳ ಎದುರಿಗೆ ಹೋಗುವಂತಿಲ್ಲ. ಆದರೆ ದೂರದಲ್ಲಿದ್ದವನಿಗೆ ಮೈಲಿಗೆ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಕೇಳದವನಿಗೆ ಇಲ್ಲ.

ಗುರುರಾಜಾಚಾರರು ಅದನ್ನೇ ಹೇಳಿದರು. "ಕೇಳಿದ್ರ ಅಲ್ಲೇನು ಮೈಲಿಗಿ? ಹೆತ್ತ ಸುದ್ದಿ ನಾವು ತಿಳಿಸೂದಿಲ್ಲ. ಮಂಗಳ ಮುಗಿಸಿಕೊಂಡು ಬಂದು ಕೂಸಿನ ಮುಖಾ ನೋಡು."

"ಛಲೋ ಆತು," ಗಂಗಾಬಾಯಿ ಬತ್ತಿಯಿಂದ ಕಣ್ಣು ತೆಗೆಯದೆ ಅಂದಳು. "ಕೂಸು ಬಾಗಲದಾಗ ನಿಂತು, ಅಪ್ಪಂದು ಓದು ಮುಗೀತೇನ್ರಿ, ಹುಟ್ಟಲೇನ್ರಿ ಅಂತ ಕೇಳಬೇಕು."

ಎಲ್ಲರೂ ನಕ್ಕರು. ರಾಘವೇಂದ್ರಾಚಾರರು ನಗಲಿಲ್ಲ. "ಬ್ಯಾರೆ ಏನರ ಬರಿಯೂದು ಬಂದ್ರ?"

"ಬ್ಯಾರೆ ಏನು ಬರತದ ಮಾವನವರ?" ಮಧುಸೂದನ ಅಂದ. "ಮಂಗಳ ಆಗೋತನಕ ಕುರುಗೋಡಿನ ಕಾಗದ ನಾ ಬಿಚ್ಚೂದಿಲ್ಲ. ಅರಿಶಿಣ ಹಚ್ಚಿದ್ದು ಬಂತಂದ್ರ ಹೆರಿಗಿ ಆತು ಅಂತ ಅರ್ಥ. ಹಾಂಗ ಎತ್ತಿಡತೀನಿ."

ಶುಭದ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು, ಸಾವಿನ ಕಾಗದಕ್ಕೆ ಒಂದು ಮೂಲೆ ಹರಿಯುವುದು ಆಗಿನ ಪದ್ಧತಿ. ಹರಿದ ಮೂಲೆಯ ಕಾಗದವನ್ನು ಯಾರೂ ಮನೆಯೊಳಗೆ ಒಯ್ಯುತ್ತಿರಲಿಲ್ಲ. ಬಾಗಿಲ ಹೊರಗೇ ನಿಂತು ಓದಿ, ಚೂರು ಮಾಡಿ ಎಸೆದು, ಉಟ್ಟ ಬಟ್ಟೆಯಲ್ಲೇ ಸ್ನಾನಕ್ಕೆ ಹೋಗುತ್ತಿದ್ದರು.

ಊಟವಾದ ಮೇಲೆ ಸರಸ್ವತಿ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮಧುಸೂದನ ಕೈ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದ.

"ಎಲ್ಲಾ ಕೇಳಿಸ್ತು," ಅವಳು ತಲೆ ಎತ್ತದೆ ಅಂದಳು. "ಕೂಸಿಗೆ ಹೇಳತೀನಿ ತಗೋರಿ, ತಡದು ಬಾ ಅಂತ."

"ಸಿಟ್ಟೇನು?"

"ಸಿಟ್ಯಾಕ? ನಾ ಬರಿಸಿದ್ರೂ ಓದೂದಿಲ್ಲೇನು?"

"ನೀ ಬರಿಸಿದ್ದೂ ಓದೂದಿಲ್ಲ." ಅವನು ನಗುತ್ತಲೇ ಅಂದ. "ತಿಂಗಳೊಪ್ಪತ್ತಿಂದು ಮಾತು."

"ಆತ್ರಿ ಪಂಡಿತರ," ಎಂದು ಅವಳು ಒಂದು ಹಿಡಿ ಸಿಪ್ಪೆಯನ್ನು ಅವನ ಕಾಲ ಬಳಿ ಎಸೆದಳು. ಮಾರನೆಯ ದಿನ ಓಬಳೇಶನ ಬಂಡಿಯಲ್ಲಿ ತಂದೆಯ ಜೊತೆ ಕುರುಗೋಡಿಗೆ ಹೋದಳು. ಓಬಳೇಶ ಆಚಾರರ ಹೊಲ ಮಾಡುವವನು. ದಾರಿಯುದ್ದಕ್ಕೂ ಮಾತಾಡುವ ಮನುಷ್ಯ. ಹಳ್ಳ ಬಂದಲ್ಲೆಲ್ಲ ಇಳಿದು, "ಅಮ್ಮಾರ, ಗಟ್ಟಿ ಹಿಡಕೋರಿ, ಒಳಗಿನ ಸಣ್ಣ ಆಚಾರ್ರಿಗೆ ಎಚ್ಚರಾಗೈತಿ," ಅನ್ನುತ್ತಿದ್ದ.

ಹುಣ್ಣಿಮೆಯ ದಿನ ಬೆಳಗ್ಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಚೆನ್ನಾಗಿತ್ತು. ಮೂರನೆಯ ದಿನ ಬಾಣಂತಿಗೆ ಜ್ವರ ಬಂತು. ಸೂಲಗಿತ್ತಿ ಜಂಬಮ್ಮ ಮೆಣಸಿನ ಕಷಾಯ ಕುಡಿಸಿದಳು, ಹೊಟ್ಟೆಗೆ ಬಿಸಿ ಬೂದಿಯ ಗಂಟು ಇಟ್ಟಳು. ಆರನೆಯ ದಿನ ಹೊರಗೆ ಬಂದು, ಸೆರಗಿನಿಂದ ಕೈ ಒರೆಸುತ್ತ ರಾಘವೇಂದ್ರಾಚಾರರಿಗೆ ಹೇಳಿದಳು.

"ಸ್ವಾಮಿ, ನನ್ನ ಕೈಯಾಗ ಏನೂ ಉಳದಿಲ್ರಿ. ಅಳಿಯಾರ್ನ ಕರಸ್ರಿ. ಹೊತ್ತಿಗೊಮ್ಮಿ ಕೇಳಾಕ ಹತ್ಯಾಳ."

ರಾಘವೇಂದ್ರಾಚಾರರು ಆ ಪಂಚಮಿಯ ದಿನವೇ ಕಾಗದ ಬರೆಯಲು ಕೂತರು. ಅವರ ಹೆಂಡತಿ ಅರಿಶಿನದ ಬಟ್ಟಲು ತಂದಿಟ್ಟಳು. ಹೆರಿಗೆಯ ಸುದ್ದಿಯಲ್ಲವೇ, ಅರಿಶಿನ ಹಚ್ಚಬೇಕು.

"ಅದನ್ನ ಹಚ್ಚಿದ್ರ ಅವ ಬಿಚ್ಚೂದಿಲ್ಲ," ಅಂದರು ಅವರು. "ಎಲೀ ಮುಂದ ಕೂತು ಹೇಳ್ಯಾನ."

"ಹಚ್ಚದ ಕಳಸ್ರಿ ಹಂಗಾರ."

"ಕುರುಗೋಡಿನ ಕಾಗದ ಅಂದ್ರನ ಬಿಚ್ಚೂದಿಲ್ಲ ಅಂದಾನ. ನಿನಗ ಗೊತ್ತಿಲ್ಲ ಆ ಮನಿಯವರು."

ಒಳಗಿನ ಕೋಣೆಯಿಂದ ಸರಸ್ವತಿ, "ಅಪ್ಪಾ, ನಂದೂ ಒಂದು ಮಾತು ಬರೀರಿ," ಅಂದಳು. ರಾಘವೇಂದ್ರಾಚಾರರು ಬಾಗಿಲಿಗೆ ಹೋಗಿ ಬಗ್ಗಿ ಕೇಳಿಕೊಂಡು ಬಂದು, ಒಂದು ಸಾಲು ಬರೆದು ಮಡಿಸಿದರು. ಲಕೋಟೆ ಅಂಟಿಸಿದರು. ವಿಳಾಸ ಬರೆದರು. ಆಮೇಲೆ ಹೆಬ್ಬೆರಳು ತೋರುಬೆರಳಿನಲ್ಲಿ ಅದರ ಬಲಗಡೆಯ ಮೂಲೆ ಹಿಡಿದರು.

"ಏನು ಮಾಡತೀರಿ?" ಹೆಂಡತಿ ಅವರ ಕೈ ಹಿಡಿದಳು. "ಜೀವ ಇದ್ದವರ ಮ್ಯಾಲೆ ಮೂಲಿ ಹರೀತಾರೇನು?"

"ಮೂಲಿ ಹರದ ಕಾಗದ ಓದದ ಇಟ್ಟುಕೊಂಡವರನ್ನ ನಾ ಕಂಡಿಲ್ಲ. ನಿಂತಲ್ಲೇ ಓದತಾನ, ನಿಂತಲ್ಲಿಂದನ ಹೊರಡತಾನ. ಒಳಗ ಬರದೀನಿ, ಹೆದರಬ್ಯಾಡ್ರಿ ಅಂತ."

"ಬ್ಯಾಡ್ರಿ. ಕೆಟ್ಟದ್ದದು."

"ಮತ್ತ ಹ್ಯಾಂಗ ಕರಸಲಿ? ಆಳನ್ನ ಕಳಿಸಿದ್ರ ಸುದ್ದಿ ಕಿವಿಗೆ ಬೀಳಬಾರದು ಅಂತ ಬಾಗಲದಿಂದನ ತಿರುಗಿ ಕಳಸತಾನ. ಹೇಳು ನೀನ."

ಅವಳು ಹಿಡಿದ ಕೈ ಬಿಟ್ಟಳು. ಅವರು ಮೂಲೆ ಹರಿದರು. ಹರಿದ ಚೂರನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಜನಿವಾರದ ಹತ್ತಿರ ಪಂಚೆಯ ಅಂಚಿನಲ್ಲಿ ಸಿಕ್ಕಿಸಿಕೊಂಡು ಟಪಾಲಿಗೆ ಹಾಕಲು ಹೊರಟರು.

ಆ ಕಾಗದ ಸಪ್ತಮಿಯ ದಿನ ಮಧ್ಯಾಹ್ನ ಬಳ್ಳಾರಿ ಮುಟ್ಟಿತು. ಗುರುಪತ್ನಿ ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದಳು. ಟಪಾಲಿನವನು ಒಳಗೆ ಬರಲಿಲ್ಲ. ರಸ್ತೆಯಲ್ಲೇ ನಿಂತು ಮಧುಸೂದನನನ್ನು ಕರೆದು, ಕಾಗದ ಕೊಟ್ಟು, ಅವನ ಮುಖ ನೋಡದೆ ಹೋಗಿಬಿಟ್ಟ.

ಮಾವನ ಕೈಬರಹ. ಮೂಲೆ ಇಲ್ಲ.

ಮಧುಸೂದನ ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತ. ಆಮೇಲೆ ಕೈ ಎತ್ತಿ, ಹೊರಗೋಡೆಯ ಸೂರಿನ ಹೆಂಚಿನ ಸಂದಿಯಲ್ಲಿ ಅದನ್ನು ಸಿಕ್ಕಿಸಿದ.

"ಓದಲಿಲ್ಲೇನೋ ಮಧೂ?" ಗುರುಪತ್ನಿ ಕೇಳಿದಳು.

"ಮಂಗಳ ಆದಮ್ಯಾಲೆ ಓದತೀನಮ್ಮಾ."

ಅವಳು ಹತ್ತಿರ ಬಂದು ಸೂರಿನತ್ತ ನೋಡಿದಳು. ನೋಡಿದವಳೇ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ವೆಂಕಣ್ಣಾಚಾರರು ಊಟಕ್ಕೆ ಕೂತಿದ್ದರು. ಸಾರು ಬಡಿಸುತ್ತ ಮೆಲ್ಲಗೆ ಹೇಳಿದಳು. "ಹುಡುಗಗ ಕಾಗದ ಬಂದದ. ಮೂಲಿ ಹರದದ. ಸೂರಿನಾಗ ಇಟ್ಟಾನ."

"ಓದಿದನೇನು?"

"ಇಲ್ಲ."

"ಓದಿಲ್ಲಂದ್ರ ಸುದ್ದಿ ಬಂದಿಲ್ಲ."

"ಸೂತಕದ ಲೆಕ್ಕಾ ನಾ ಕೇಳಲಿಲ್ಲ. ಮುಂಜಾನಿಂದ ಅವನ ಹೊಟ್ಟ್ಯಾಗ ಏನೂ ಇಲ್ಲ. ಈಗ ಕರದ್ರೂ ಬರವಲ್ಲ."

ವೆಂಕಣ್ಣಾಚಾರರು ಎಲೆಯಿಂದ ಅರ್ಧಕ್ಕೇ ಎದ್ದರು. ಪಡಸಾಲೆಯಲ್ಲಿ ಮಧುಸೂದನ ಪುಸ್ತಕದ ಮುಂದೆ ಕೂತಿದ್ದ.

"ಆಚಾರ್ರ, ಓದಲೇನು, ಬಿಡಲೇನು? ನೀವು ಹೇಳಿದ್ಹಾಂಗ ಮಾಡತೀನಿ."

"ನಾ ಏನು ಹೇಳಲೋ? ಓದು ಅಂದ್ರ ನಿಂದೂ ಹತ್ತು ವರ್ಷ ಹೋತು, ನಂದೂ ಹತ್ತು ವರ್ಷ ಹೋತು. ಓದಬ್ಯಾಡ ಅಂದ್ರ ನಾ ಮನಷ್ಯಾನ ಅಲ್ಲ. ನಾ ಹೇಳೂದಿಲ್ಲ."

"ಅಪ್ಪಗ ಬರೀಲಿಕ್ಕೆ ಬರೂದಿಲ್ಲ ಈಗ. ಊರಿಂದು ಏನಿದ್ರೂ ಮಾವನ ಬರೀಬೇಕು. ಅಪ್ಪ ಇರಬಹುದು. ಗಂಗಾ ಅತ್ತಿ ಇರಬಹುದು. ಇಲ್ಲಾ, ಅಲ್ಲಿಂದ..." ಅವನು ಪುಸ್ತಕದ ಹಾಳೆ ಸರಿಮಾಡಿದ. "ಯಾರು ಹೋಗಿದ್ರೂ ಹೋಗಿ ಆತು," ಅಂದ. "ನಾಕು ದಿನ ತಡಾ ಆದ್ರ ಹೋದವರಿಗೆ ಏನು?"

ಗುರುಗಳು ಎದುರಿಗೆ ಕೂತು, "ನಿನ್ನೆ ಬಿಟ್ಟಲ್ಲಿಂದ ಹೇಳು," ಅಂದರು. ಅವನು ಹೇಳಿದ. ಸಂಜೆಯವರೆಗೆ ಹೇಳಿದ. ಒಳಗೆ ಗುರುಪತ್ನಿ ಪಾತ್ರೆಗಳನ್ನು ಬೇಕೆಂತಲೇ ಸದ್ದು ಮಾಡಿ ಇಡುತ್ತಿದ್ದಳು.

ಆ ಹೊತ್ತಿಗೆ ಕುರುಗೋಡಿನಿಂದ ಆಳು ಹೋಗಿ ಸಿರುಗುಪ್ಪಕ್ಕೂ ತಿಳಿಸಿದ್ದ. ಗುರುರಾಜಾಚಾರರೂ ಪದ್ಮಾಬಾಯಿಯೂ ಓಬಳೇಶನ ಬಂಡಿಯಲ್ಲಿ ನವಮಿಯ ಸಂಜೆಗೆ ಕುರುಗೋಡು ಮುಟ್ಟಿದರು. ಬಂಡಿಯ ಗಾಲಿ ಬಾಗಿಲಲ್ಲಿ ಸದ್ದು ಮಾಡಿದಾಗ ಒಳಗಿನಿಂದ ಸರಸ್ವತಿ, "ಬಂದ್ರೇನು?" ಅಂದಳು.

"ನಾವಮ್ಮಾ," ಎಂದು ಪದ್ಮಾಬಾಯಿ ಒಳಗೆ ಹೋಗಿ ಅವಳ ಕಾಲು ಹಿಡಿದು ಕೂತಳು. ಸೊಸೆಯ ಕಾಲು ಒಲೆಯ ಕಲ್ಲಿನಂತೆ ಸುಡುತ್ತಿತ್ತು.

"ನಿಮ್ಮ ಮಗ ಹಾದ್ಯಾಗ ಇದ್ದಾರೇನ್ರಿ ಅತ್ತಿ?"

"ಬರತಾನ. ಹಾದ್ಯಾಗ ಇದ್ದಾನ."

ಹೊರಗೆ ರಾಘವೇಂದ್ರಾಚಾರರು ಬೀಗರಿಗೆ ಹೇಳುತ್ತಿದ್ದರು. "ಸಪ್ತಮಿಗೆ ಮುಟ್ಟಿರಬೇಕು. ಬಳ್ಳಾರಿ ಇಲ್ಲಿಂದ ಒಂದು ಹಗಲಿನ ಹಾದಿ. ನಡಕೋತ ಬಂದಿದ್ರೂ ನಿನ್ನೆ ಬರಬೇಕಿತ್ತು."

"ಮುಟ್ಟಿರಲಿಕ್ಕಿಲ್ಲ."

"ಮೂಲಿ ಹರದು ಕಳಿಸೀನ್ರಿ. ಅಂಥಾ ಕಾಗದ ಟಪಾಲಿನವ ಒಂದು ತಾಸು ಇಟ್ಟುಕೊಳ್ಳೂದಿಲ್ಲ. ಮುಟ್ಟ್ಯದ. ಓದ್ಯಾನ. ಬಂದಿಲ್ಲ."

"ಓದಿದ್ರ ಬರತಿದ್ದ," ಅಂದರು ಗುರುರಾಜಾಚಾರರು. ಆದರೆ ಅವರ ದನಿಯಲ್ಲಿ ಗಟ್ಟಿತನವಿರಲಿಲ್ಲ.

ಮರುದಿನ, ದಶಮಿಯ ಮೂರನೇ ಪ್ರಹರಕ್ಕೆ ಸರಸ್ವತಿ ಹೋದಳು. ಅವತ್ತು ಕೂಡ ರಸ್ತೆಯಲ್ಲಿ ಎರಡು ಬಂಡಿ ಹೋದವು. ಎರಡು ಸಲವೂ ಕೇಳಿದಳು. ಮೂರನೆಯ ಬಂಡಿ ಹೋದಾಗ ಕೇಳಲಿಲ್ಲ. ಪಕ್ಕದಲ್ಲಿ ಕೂಸು ಜಂಬಮ್ಮನ ಬೆರಳು ಚೀಪುತ್ತಿತ್ತು.

ಅತ್ತವರು ಅತ್ತಾದ ಮೇಲೆ ಮುಂದಿನ ಕೆಲಸದ ಮಾತು ಬಂತು. ಪದ್ಮಾಬಾಯಿ ಗಂಡನ ಎದುರಿಗೆ ಬಂದು ನಿಂತಳು. "ಓಬಳೇಶನ್ನ ಓಡಸ್ರಿ ಬಳ್ಳಾರಿಗೆ. ಮುಂಜಾನಿ ತನಕ ಇಟ್ಟರಾತು. ಬೆಂಕಿ ಅವನ ಕೈಯಿಂದ ಬೀಳಲಿ."

"ಇವತ್ತು ಎರಡನೇ ದಿನ ನಡದದ ಅಲ್ಲೆ. ನಾಳೆ ಒಂದು ದಿನ," ಅಂದರು ಗುರುರಾಜಾಚಾರರು. "ನಡುವ ಎಬ್ಬಿಸಿದ್ರ ಹತ್ತು ವರ್ಷದ್ದು ಹೋತು. ಆಕಿ ಅಂತೂ ಬರೂದಿಲ್ಲ."

"ಹತ್ತು ವರ್ಷ, ಹತ್ತು ವರ್ಷ. ಹತ್ತು ವರ್ಷ ಓದಿ ಏನು ಕಲ್ತ? ಕರದ್ರ ಬರಬೇಕು ಅಂತ ಕಲೀಲಿಲ್ಲ."

"ನನಗೂ ತಿಳೀವಲ್ದು ಪದ್ಮಾ. ಕಾಣಸವಲ್ದು ನನಗ ಏನೂ."

ರಾಘವೇಂದ್ರಾಚಾರರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. "ನಿಮ್ಮ ಮನಿ ಸೊಸಿ. ನಿಮ್ಮಿಷ್ಟ," ಅಂದರು. "ಇನ್ನೊಂದು ಕಾಗದ ನಾ ಬರಿಯೂದಿಲ್ಲ. ಮೂಲಿ ಹರಿಯೂದು ಒಮ್ಮೆ ಆಗ್ಯದ."

ಸೂರ್ಯ ಮುಳುಗುವುದರೊಳಗೆ ಗುರುರಾಜಾಚಾರರೇ ಬೆಂಕಿ ಕೊಟ್ಟರು. ಕಣ್ಣು ಕಾಣದೆ ಕೊಳ್ಳಿ ಬೇರೆ ಕಡೆ ಹೋಗುತ್ತಿತ್ತು. ರಾಘವೇಂದ್ರಾಚಾರರು ಬಂದು ಬೀಗರ ಮೊಣಕೈ ಹಿಡಿದು, ಇಲ್ಲಿ ಎಂದು ತೋರಿಸಿದರು.

ಮೂರನೆಯ ದಿನ ಅಸ್ಥಿಯ ಗಡಿಗೆ ತೆಗೆದುಕೊಂಡು ಗಂಡ ಹೆಂಡತಿ ಸಿರುಗುಪ್ಪದ ದಾರಿ ಹಿಡಿದರು. ಉಳಿದ ದಿನಗಳ ಕ್ರಿಯೆಯನ್ನು ಊರ ಹೊಳೆಯ ದಂಡೆಯಲ್ಲಿ ಮಾಡುವುದೆಂದಾಯಿತು. ಕೂಸು ಕುರುಗೋಡಿನಲ್ಲೇ ಉಳಿಯಿತು; ಜಂಬಮ್ಮನ ಮಗಳಿಗೂ ಎಳೆಗೂಸಿತ್ತು, ಅವಳೇ ಹಾಲು ಕೊಡುತ್ತಿದ್ದಳು. ಮಡಿಯ ಮಾತನ್ನು ಯಾರೂ ಎತ್ತಲಿಲ್ಲ.

ಬಳ್ಳಾರಿಯ ಮಠದಲ್ಲಿ ಮೂರೂ ದಿನ ಜನ ಸೇರಿದ್ದರು. ಮಧುಸೂದನ ಎಲ್ಲೂ ತಪ್ಪಲಿಲ್ಲ. ಎರಡನೆಯ ದಿನ ಮಧ್ಯಾಹ್ನದ ಮೇಲೆ ಸ್ವಾಮಿಗಳೇ ಒಂದು ಪ್ರಶ್ನೆ ಹಾಕಿದರು: ಕಣ್ಣಿಗೆ ಕಾಣದ್ದನ್ನು ಇಲ್ಲವೆಂದು ಯಾವ ಬಲದ ಮೇಲೆ ಹೇಳುತ್ತೀ? ಅವನು ಒಂದು ತಾಸು ಉತ್ತರ ಹೇಳಿದ. ಸಭೆಯಲ್ಲಿದ್ದ ಹಿರಿಯರು ತಲೆದೂಗಿದರು. ವೆಂಕಣ್ಣಾಚಾರರು ಮಾತ್ರ ತಲೆ ಬಗ್ಗಿಸಿ ಚಾಪೆಯ ಎಳೆ ಕೀಳುತ್ತ ಕೂತಿದ್ದರು.

ದ್ವಾದಶಿಯ ದಿನ ಸ್ವಾಮಿಗಳು ಅವನಿಗೆ ಶಾಲು ಹೊದಿಸಿದರು. ಫಲಮಂತ್ರಾಕ್ಷತೆ ಕೊಟ್ಟು, "ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದು ಕೇಳಿದರು.

"ತಿಳಿಯದು ಸ್ವಾಮಿ," ಅಂದ ಮಧುಸೂದನ.

ಸಭೆ ಗೊಳ್ಳೆಂದು ನಕ್ಕಿತು. ಓದಿನ ಭರದಲ್ಲಿ ಮನೆಯನ್ನೇ ಮರೆತ ವಿದ್ಯಾರ್ಥಿ ಎಂದು ಯಾರೋ ಹೊಗಳಿದರು. ಸ್ವಾಮಿಗಳೂ ನಕ್ಕು ಇನ್ನೊಂದು ಹಿಡಿ ಮಂತ್ರಾಕ್ಷತೆ ಹೆಚ್ಚಿಗೆ ಕೊಟ್ಟರು. "ಇದು ನಿನ್ನ ಗೃಹಿಣಿಗೆ."

ಸ್ವಾಮಿಗಳು ಊರು ಬಿಡುವವರೆಗೆ ಹೊಸ ಪಂಡಿತ ದಿನವೂ ಅವರ ಬಳಿ ಕೂಡಬೇಕು. ಮೈಲಿಗೆಯಾದರೆ ಕೂಡುವಂತಿಲ್ಲ. ಹಾಗಾಗಿ ಕಾಗದ ಅಮಾವಾಸ್ಯೆಯವರೆಗೆ ಸೂರಿನಲ್ಲೇ ಇತ್ತು. ಅಮಾವಾಸ್ಯೆಯ ಮಧ್ಯಾಹ್ನ ಸ್ವಾಮಿಗಳ ಮೇನೆ ಹೊರಟಿತು. ಆ ಹೊತ್ತಿಗೇ ಓಬಳೇಶ ಬಂಡಿ ತೆಗೆದುಕೊಂಡು ಬಂದ.

"ಇನ್ನರ ತಗದು ಓದೋ," ಅಂದಳು ಗುರುಪತ್ನಿ. ಮಧುಸೂದನ ಕಾಗದ ತೆಗೆದ. ಹೆಂಚಿನ ಮಣ್ಣು ಕೊಡವಿದ. ಓದಲಿಲ್ಲ. ಗಂಟಿನಲ್ಲಿ ಶಾಲಿನ ಕೆಳಗೆ ಇಟ್ಟುಕೊಂಡ.

"ಓಬಳೇಶ ಬಂದಾನಲ್ಲಮ್ಮಾ. ಇನ್ನ ಎರಡು ದಿನ. ಕಣ್ಣಲೇ ನೋಡತೀನಿ."

ಬಂಡಿ ಊರು ದಾಟಿತು. ಓಬಳೇಶ ಮಾತಾಡಲಿಲ್ಲ. ತೆಕ್ಕಲಕೋಟೆ ಬಂದರೂ ಮಾತಾಡಲಿಲ್ಲ.

"ಯಾಕೋ ಓಬಳೇಶ, ಸುಮ್ಮನದಿ?"

"ಎತ್ತಿಗೆ ಮೈಯಾಗ ಆರಾಮ ಇಲ್ರಿ ಸಣ್ಣಾಚಾರ್ರ."

"ಎತ್ತಿಗೆ ಆರಾಮಿಲ್ಲಂದ್ರ ನೀ ಯಾಕ ಸುಮ್ಮನಿರಬೇಕು?"

ಓಬಳೇಶ ಬಾರುಕೋಲಿನ ತುದಿ ನೋಡುತ್ತ ಕೂತ. "ದೊಡ್ಡಾಚಾರ್ರು ಏನೂ ಹೇಳಬ್ಯಾಡ ಅಂದಾರ್ರಿ," ಅಂದ ಕೊನೆಗೆ.

ದೊಡ್ಡಾಚಾರರು ಹೇಳಿದ್ದಾರೆಂದರೆ ಅಪ್ಪ ಇದ್ದಾರೆ. ಮಧುಸೂದನ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಬಿದಿಗೆಯ ದಿನ ಬೆಳಗ್ಗೆ ಮನೆ ಮುಟ್ಟಿದ. ಬಾಗಿಲಲ್ಲಿ ರಂಗವಲ್ಲಿ ಇರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಬಂಡಿಯ ಸದ್ದಿಗೆ ತಲೆ ಎತ್ತಿದ್ದರು. ಅತ್ತೆ ಗಂಗಾಬಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಮ್ಮ ಎಲ್ಲೂ ಕಾಣಲಿಲ್ಲ. ಅವನು ಇಳಿಯದೆ ಹಾಗೇ ಕೂತ. ಪದ್ಮಾಬಾಯಿ ಕೊಡ ಹೊತ್ತು ಬಾವಿಯ ಕಡೆಯಿಂದ ಬಂದಳು. ಮಗನನ್ನು ಕಂಡು ನಿಂತಳು.

ಮೂವರೂ ಇದ್ದರು.

ಅವನು ಬಂಡಿಯಿಂದ ಇಳಿದ. ಗಾಲಿ ಹಿಡಿದುಕೊಂಡು ನಿಂತ.

"ಬಂದ್ಯಾ ಪಂಡಿತಾ," ಅಂದಳು ಪದ್ಮಾಬಾಯಿ. ಕೊಡ ಇಳಿಸಲಿಲ್ಲ. "ಶಾಲು ಕೊಟ್ಟರೇನು?"

"ಅಮ್ಮಾ, ಸರಸ್ವತಿ?"

"ಈಗ ಕೇಳತೀ? ಕಾಗದದಾಗ ಬರದಿದ್ದಿಲ್ಲೇನು? ಬಾಗಲದಾಗ ಬಂಡಿ ಹೋದಾಗೊಮ್ಮೆ ಬಂದ್ರೇನು ಬಂದ್ರೇನು ಅಂತ ಕೇಳಿ ಕೇಳಿ ಹೋತು ಆ ಹುಡುಗಿ. ಓದಿ ಹ್ಯಾಂಗ ಕೂತ್ಯೋ? ಆ ಪುಸ್ತಕದ ಮುಂದ ಹ್ಯಾಂಗ ಕೂತಿ?"

"ಕೇಳಿದ್ಳು ಅಂದ್ರ?" ಅವನಿಗೆ ಅರ್ಥವಾಗಲಿಲ್ಲ. "ಕಾಗದ ಬಂದಾಗ..."

ಗಂಟು ಬಿಚ್ಚಿ ಶಾಲು ಪಕ್ಕಕ್ಕೆ ಸರಿಸಿ ಕಾಗದ ತೆಗೆದ. ಅಂಟು ಹಾಗೆಯೇ ಇತ್ತು. ಅದನ್ನು ಕಂಡು ಪದ್ಮಾಬಾಯಿ ಕೊಡ ಇಳಿಸಿದಳು.

"ಏನದು?" ಗುರುರಾಜಾಚಾರರು ಕೇಳಿದರು.

"ಬಿಚ್ಚಿಲ್ಲೋ ಗುರು," ಅಂದಳು ಗಂಗಾಬಾಯಿ. "ಹುಡುಗ ಕಾಗದಾನ ಬಿಚ್ಚಿಲ್ಲ."

ಆ ಮನೆಯಲ್ಲಿ ಹೆಂಗಸರಿಗೆ ಓದು ಬರುತ್ತಿರಲಿಲ್ಲ, ಗುರುರಾಜಾಚಾರರಿಗೆ ಕಣ್ಣಿರಲಿಲ್ಲ. ಓದುವವನು ಅವನೊಬ್ಬನೇ.

"ಓದು," ಅಂದರು ಗುರುರಾಜಾಚಾರರು.

ಅವನು ಬಾಗಿಲ ಹೊರಗೆ ನಿಂತು, ಗಟ್ಟಿಯಾಗಿ, ಪಾಠ ಒಪ್ಪಿಸುವವನಂತೆ ಓದಿದ.

"ಚಿರಂಜೀವಿ ಮಧುಸೂದನಾಚಾರರಿಗೆ ರಾಘವೇಂದ್ರಾಚಾರನ ಆಶೀರ್ವಾದಗಳು. ಮಾಘ ಬಹುಳ ಪಂಚಮಿ. ಹುಣ್ಣಿಮೆಗೆ ಹೆಣ್ಣು ಕೂಸು ಆಯಿತು. ಕೂಸು ಕ್ಷೇಮ. ಮೂರು ದಿನದಿಂದ ಸರಸ್ವತಿಗೆ ಜ್ವರ, ಇಳಿಯಲಿಲ್ಲ. ಮೂಲೆ ಹರಿದದ್ದಕ್ಕೆ ಹೆದರಬೇಡಿ. ನೀವು ಬಿಚ್ಚಲಿ ಅಂತ ನಾನೇ ಹರಿದಿದ್ದೇನೆ. ಇದನ್ನು ಕಂಡ ಕೂಡಲೇ ಹೊರಟು ಬರುವುದು. ಸರಸ್ವತಿ ತನ್ನ ಮಾತು ಬರೆಸುತ್ತಾಳೆ: ನಾ ಬರಿಸಿದ್ದೂ ಓದೂದಿಲ್ಲ ಅಂದಿದ್ರಿ. ಇದೊಂದು ಓದ್ರಿ."

ಓದಿ ಮುಗಿಸಿ ಮತ್ತೆ ಮೊದಲಿನ ಸಾಲು ನೋಡಿದ. "ಪಂಚಮಿ," ಅಂದ. "ಆಕಿ ಹೋದದ್ದು ಯಾವಾಗ?"

"ದಶಮಿ," ಅಂದಳು ಪದ್ಮಾಬಾಯಿ. ಅವಳ ಸಿಟ್ಟು ಎಲ್ಲಿ ಹೋಗಿತ್ತೋ. "ಮೂರನೇ ಪ್ರಹರ."

"ದಶಮಿ ಮೂರನೇ ಪ್ರಹರಕ್ಕ ನಾ ಉತ್ತರ ಹೇಳಲಿಕ್ಕತ್ತಿದ್ದೆ," ಅಂದ ಅವನು. ಯಾರಿಗೆ ಹೇಳಿದನೋ.

ಗಂಗಾಬಾಯಿ ಮೊರ ಕೆಳಗಿಟ್ಟು ಎದ್ದು ಬಂದಳು. "ಬಾ ಮಧೂ. ಕಾಗದ ಹರದು ಒಗಿ. ಬಾವೀಗೆ ಬಾ, ನೀರು ಹಾಕತೀನಿ. ನನಗ ಅಂಥಾ ಕಾಗದ ಬಂದಾಗ ಹೋಳಗಿ ಲಟ್ಟಸತಿದ್ದೆ. ಕೈಯಾಗ ಹೂರಣ ಹಾಂಗ ಇತ್ತು. ಹರದು ಒಗದು ಮೈ ತೊಳಕೊಂಡ್ರ ಮುಂದಿಂದು ಆಗತದ. ಹರಿ."

"ಹರೀಲಿಕ್ಕೆ ಬರೂದಿಲ್ಲತ್ತಿ."

"ಮೂಲಿ ಹರದದ್ದು ಮನಿಯೊಳಗ ಇಡಬಾರದು."

"ಇದು ಸಾವಿನ ಕಾಗದ ಅಲ್ಲ. ಇದನ್ನ ಬರಿಸಿದಾಗ ಆಕಿ ಇದ್ಳು."

ಗಂಗಾಬಾಯಿ ತಮ್ಮನ ಕಡೆ ನೋಡಿದಳು. ಶಾಸ್ತ್ರ ಏನು ಹೇಳುತ್ತದೆಂದು ಹೇಳಬೇಕಾದವರು ಅವರು. ಅವರು ಕಟ್ಟೆಯ ಕಲ್ಲನ್ನು ಕೈಯಿಂದ ಸವರುತ್ತ ಕೂತಿದ್ದರು. ಓಬಳೇಶ ಎತ್ತಿನ ಕೊರಳ ಹಗ್ಗ ಬಿಚ್ಚುತ್ತ ಅತ್ತ ತಿರುಗಿ ನಿಂತಿದ್ದ. ಕೊನೆಗೆ ಪದ್ಮಾಬಾಯಿಯೇ ಮಗನ ಕೈಯಿಂದ ಕಾಗದ ತೆಗೆದುಕೊಂಡಳು. ಮಡಿಸಿ, ಕೈ ಎತ್ತಿ, ತನ್ನ ಮನೆಯ ಸೂರಿನ ಹೆಂಚಿನ ಸಂದಿಯಲ್ಲಿ ಇಟ್ಟಳು. ಒಳಗೂ ಅಲ್ಲ, ಹೊರಗೂ ಅಲ್ಲ. ಆಮೇಲೆ ಒಲೆ ಹಚ್ಚಲು ಹೋದಳು. ದೂರದಿಂದ ಬಂದವನು ಉಣ್ಣಬೇಕಲ್ಲ.

ಆ ಊಟವನ್ನು ಯಾರೂ ಉಣ್ಣಲಿಲ್ಲ. ಅನ್ನ ಎತ್ತುಗಳಿಗೆ ಹೋಯಿತು.

ಕ್ರಿಯೆಗೆ ಇನ್ನೂ ಎರಡು ದಿನ ಉಳಿದಿತ್ತು. ಮಾರನೆಯ ಬೆಳಗ್ಗೆ ತಲೆ ಬೋಳಿಸಿಕೊಂಡು ಮಧುಸೂದನ ಅಪ್ಪನ ಜೊತೆ ಹೊಳೆಗೆ ಹೋದ. ಅಪ್ಪನ ಕೈ ಹಿಡಿದು ದಂಡೆ ಇಳಿಸಿದ. ಪುರೋಹಿತರು ಒದ್ದೆ ಮರಳಿನ ಮೇಲೆ ದರ್ಭೆ ಹಾಸಿ, ಎಳ್ಳು ನೀರು ಇಟ್ಟುಕೊಂಡು ಕಾದಿದ್ದರು. ಅವರಿಗೆ ಮಂಗಳವಾದ ಸುದ್ದಿ ಮುಟ್ಟಿತ್ತು.

"ಎಂಟು ದಿನ ನಾ ಮಾಡೀನಿ," ಅಂದರು ಗುರುರಾಜಾಚಾರರು. "ಇನ್ನ ನೀ ಮಾಡು."

"ಪಂಡಿತರಿಗೆ ನಾ ಹೇಳಿಕೊಡೂದೇನದ," ಎಂದು ಪುರೋಹಿತರು ಬೆರಳಿಗೆ ದರ್ಭೆಯ ಪವಿತ್ರ ಕೊಟ್ಟರು. "ಹೋದವರ ಗೋತ್ರ, ಹೆಸರು ಹೇಳಿ ನೀರು ಬಿಡ್ರಿ."

ಮಧುಸೂದನ ಬೊಗಸೆಯಲ್ಲಿ ನೀರು ಹಿಡಿದ. ಗೋತ್ರ ಹೇಳಿದ. ಮುಂದೆ ಅವನ ಬಾಯಿ ನಿಂತಿತು. ಪುರೋಹಿತರು ಮುಖ ನೋಡಿದರು. ಬೊಗಸೆಯ ನೀರು ಬೆರಳ ಸಂದಿಯಿಂದ ಮರಳಿಗೆ ಇಳಿಯುತ್ತಿತ್ತು. ಅವನು ಮತ್ತೆ ತುಂಬಿಕೊಂಡ, ಮತ್ತೆ ಗೋತ್ರ ಹೇಳಿದ, ಮತ್ತೆ ಅಲ್ಲಿಯೇ ನಿಂತ.

ಆಗ ಅವನ ಹಿಂದೆ ಕೂತಿದ್ದ ಗುರುರಾಜಾಚಾರರು ಕೆಮ್ಮಿದರು. ಗುಡಿಯಲ್ಲಿ ಕೆಮ್ಮುತ್ತಿದ್ದ ಹಾಗೆಯೇ, ಸಾವಕಾಶವಾಗಿ, ಒಂದು ಸಲ, ಎರಡು ಸಲ. ಮಗನಿಗೆ ಹೆಸರು ಬರುವವರೆಗೆ ಕೆಮ್ಮುತ್ತಲೇ ಕೂತರು.